ಸಭೆಗೆ ಬಂದ ಲೆಕ್ಕದ ಪುಸ್ತಕಗಳು: ದಕ್ಷಿಣ ಕೊಡಗಿನ ಒಂದು ಕ್ಲಸ್ಟರ್‌ನ ಪ್ರಕರಣ ಅಧ್ಯಯನ

ದಕ್ಷಿಣ ಕೊಡಗಿನ ಒಂದು ಕ್ಲಸ್ಟರ್‌ನಲ್ಲಿ, ಅಂದರೆ ಅಕ್ಕಪಕ್ಕದ ಸರ್ಕಾರಿ ಶಾಲೆಗಳ ಒಂದು ಗುಂಪಿನಲ್ಲಿ, ಶಿಕ್ಷಕರ ತಿಂಗಳ ಸಮಾಲೋಚನಾ ಸಭೆ ಹೇಗೆ ಬದಲಾಯಿತು ಅನ್ನುವುದರ ವಿವರ ಇದು. ಪೂರ್ತಿ ಗೆದ್ದ ಕಥೆ ಅಲ್ಲ. ಒಂದು ಕಡೆ ಕೆಟ್ಟೇಹೋಗಿತ್ತು, ಆಮೇಲೆ ಸರಿಹೋಯಿತು. ಶಾಲೆ, ಊರು, ಶಿಕ್ಷಕರು ಯಾರ ಹೆಸರನ್ನೂ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಮಕ್ಕಳು ಬರೆದ ಉತ್ತರಗಳು, ಸಭೆಯ ತೀರ್ಮಾನಗಳು ಮಾತ್ರ ಇದ್ದ ಹಾಗೇ ಇವೆ. ನಾನು ಶಿಕ್ಷಕರ ತರಬೇತಿಗೆ ಸಂಬಂಧಪಟ್ಟ ಕೆಲಸದಲ್ಲಿರುವವನು. ಈ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇ ಜಾಸ್ತಿ.

ಹಿನ್ನೆಲೆ

ಕಾಫಿ ತೋಟ, ಗದ್ದೆ, ಕಾಡಂಚು. ಇವುಗಳ ನಡುವೆ ಚದುರಿದ ಸಣ್ಣ ಸಣ್ಣ ಸರ್ಕಾರಿ ಶಾಲೆಗಳು. ಎರಡು ಮೂರು ಶಾಲೆ ಬಿಟ್ಟರೆ ಉಳಿದವೆಲ್ಲ ಇಬ್ಬರು ಶಿಕ್ಷಕರ ಶಾಲೆಗಳೇ. 1ರಿಂದ 3ನೇ ತರಗತಿಯ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ. 4 ಮತ್ತು 5 ಪಕ್ಕದ ಕೋಣೆಯಲ್ಲಿ. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ, ಇಡೀ ಶಾಲೆ ಒಬ್ಬರ ಮೇಲೆ.

ಮಕ್ಕಳಲ್ಲಿ ಹೆಚ್ಚಿನವರು ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲು ಮನೆಗಳು) ಬರುವವರು. ಮನೆಯಲ್ಲಿ ಯರವ ಭಾಷೆ, ಕುರುಬರ ಭಾಷೆ, ಮಲಯಾಳಂ, ತಮಿಳು. ಈಚೆಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಕೊಡವ ತಕ್ಕ್ ಆಡುವ ಮಕ್ಕಳು ಕೆಲವರು. ಕನ್ನಡ ಕೇಳಿಸುವುದು ಶಾಲೆಯಲ್ಲಿ, ಇಲ್ಲವೇ ಸಂತೆಯಲ್ಲಿ. ಕಾಫಿ ಕುಯ್ಲು ಮುಗಿದ ಮೇಲೆ ಅಪ್ಪ ಅಮ್ಮ ಬೇರೆ ತೋಟಕ್ಕೆ ಹೋದರೆ ಮಗುವೂ ಹೋಯಿತು. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚು ಖಾಲಿ ಇರುತ್ತದೆ.

ಶಿಕ್ಷಕರಲ್ಲಿ ಸ್ಥಳೀಯರು ಅರ್ಧದಷ್ಟು. ಇನ್ನುಳಿದವರಲ್ಲಿ ಹಾಸನ, ಮೈಸೂರು ಕಡೆಯವರಿದ್ದಾರೆ, ಉತ್ತರ ಕರ್ನಾಟಕದಿಂದ ಬಂದು ವರ್ಗಾವಣೆಯ ದಾರಿ ನೋಡುತ್ತಿರುವವರಿದ್ದಾರೆ. ಖಾಲಿ ಹುದ್ದೆಗಳಲ್ಲಿ ಅತಿಥಿ ಶಿಕ್ಷಕರು. ಇವರೆಲ್ಲರ ನಡುವೆ ಓಡಾಡುವವರು ಸಿ.ಆರ್.ಪಿ. ಮೇಡಂ, ಅಂದರೆ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ. ಅವರೂ ಹಿಂದೆ ಇದೇ ತಾಲ್ಲೂಕಿನಲ್ಲಿ ಪಾಠ ಮಾಡುತ್ತಿದ್ದವರೇ.

ತೊಂದರೆ ಎಲ್ಲಿತ್ತು

ತರಬೇತಿ ಇಲ್ಲ ಅನ್ನುವ ದೂರು ಇರಲೇ ಇಲ್ಲ. ಬೇಕಾದಷ್ಟಿತ್ತು. ಕೂಡಿಗೆಯ ಡಯಟ್‌ನಲ್ಲಿ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಒಂದು, ಬಿ.ಆರ್.ಸಿ.ಯಲ್ಲಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಒಂದು, ಮೊಬೈಲಿನಲ್ಲಿ ದೀಕ್ಷಾ ಆ್ಯಪ್ ಮೂಲಕ ಇನ್ನೊಂದು. 2019ರಲ್ಲಿ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿ ‘ನಿಷ್ಠಾ’ ಶುರುವಾಯಿತು. ಕೋವಿಡ್ ಬಂದಾಗ ಅದೂ ಆನ್‌ಲೈನ್ ಆಯಿತು. ನೆಟ್‌ವರ್ಕ್ ಸಿಗುವ ಗುಡ್ಡದ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಕೋರ್ಸ್ ಮುಗಿಸಿದವರು ಇದೇ ಕ್ಲಸ್ಟರ್‌ನಲ್ಲಿದ್ದಾರೆ.

ಮೇಲಿನಿಂದ ಕೆಳಗೆ ಇಳಿಯುವ ತರಬೇತಿಯ ಪಾಡು ಗೊತ್ತಿರುವುದೇ. ರಾಜ್ಯ ಮಟ್ಟದಲ್ಲಿ ಕೆಲವರು ಕಲಿಯುತ್ತಾರೆ. ಅವರು ಜಿಲ್ಲೆಯ ಸಂಪನ್ಮೂಲ ವ್ಯಕ್ತಿಗಳಿಗೆ ಹೇಳಿಕೊಡುತ್ತಾರೆ. ಅವರು ತಾಲ್ಲೂಕಿನವರಿಗೆ. ಅಲ್ಲಿಂದ ಶಿಕ್ಷಕರಿಗೆ. ಕೊನೆಗೆ ತಲುಪುವ ಹೊತ್ತಿಗೆ ಚಟುವಟಿಕೆಗಳು ಉದುರಿಹೋಗಿ ಸ್ಲೈಡುಗಳು ಮಾತ್ರ ಉಳಿದಿರುತ್ತವೆ. ಸಂಪನ್ಮೂಲ ವ್ಯಕ್ತಿ ಅದನ್ನೇ ಓದುತ್ತಾರೆ. ಪಾಪ, ಅವರಿಗೆ ಸಿಕ್ಕಿದ್ದೂ ಅಷ್ಟೇ.

ಇದರ ಜೊತೆಗೆ ಇಲ್ಲಿನದೇ ಆದ ಎರಡು ಕಷ್ಟಗಳಿದ್ದವು. ಒಂದು, ಒ.ಒ.ಡಿ. (ಬೇರೆ ಕರ್ತವ್ಯದ ಮೇಲೆ ಹೊರಗೆ) ಹಾಕಿ ಒಬ್ಬರು ತರಬೇತಿಗೆ ಹೋದರೆ ಐದು ತರಗತಿಗಳೂ ಇನ್ನೊಬ್ಬರ ಪಾಲಿಗೆ. ಹೋದವರ ಮನಸ್ಸು ಅಲ್ಲಿ ನಿಲ್ಲುವುದಿಲ್ಲ, ಉಳಿದವರ ಮುಖ ಗಂಟು. ಇನ್ನೊಂದು, ಅತಿಥಿ ಶಿಕ್ಷಕರನ್ನು ಕರೆಯುವುದೇ ಇಲ್ಲ. ಒಂದು ಶಾಲೆಯಲ್ಲಿ 4 ಮತ್ತು 5ನೇ ತರಗತಿಯ ಗಣಿತ ಪೂರ್ತಿ ಅತಿಥಿ ಶಿಕ್ಷಕಿಯ ಕೈಯಲ್ಲಿತ್ತು. ಗಣಿತದ ತರಬೇತಿಗೆ ಹೋಗಿ ಬರುತ್ತಿದ್ದವರು ನಲಿ-ಕಲಿ ನೋಡಿಕೊಳ್ಳುವ ಮುಖ್ಯ ಶಿಕ್ಷಕರು!

ತಿಂಗಳ ಸಭೆಯಾದರೂ ಉಪಯೋಗಕ್ಕೆ ಬರುತ್ತಿತ್ತಾ? ಅದೂ ಕಷ್ಟ. ಸುತ್ತೋಲೆ ಓದುವುದು, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ತಂತ್ರಾಂಶದಲ್ಲಿ ಬಾಕಿ ಇರುವ ಎಂಟ್ರಿ, ಬಿಸಿಯೂಟದ ಲೆಕ್ಕ, ಶೂ ಸಾಕ್ಸ್ ಬಿಲ್ಲು. ಇಷ್ಟರಲ್ಲಿ ಊಟದ ಹೊತ್ತು. ಊಟ ಆದ ಮೇಲೆ ಒಬ್ಬರು ‘ಶೈಕ್ಷಣಿಕ ವಿಷಯ’ದ ಮೇಲೆ ಮಾತಾಡಬೇಕು. ಆಗ ಬಸ್ಸಿನ ಹೊತ್ತು.

ಒಂದು ಸಭೆಯಲ್ಲಿ ಸಿ.ಆರ್.ಪಿ. ಮೇಡಂ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಕಳೆದ ವರ್ಷದ ಯಾವ ತರಬೇತಿಯ ಯಾವ ಸಂಗತಿ ನಿಮ್ಮ ತರಗತಿಯಲ್ಲಿ ಈಗಲೂ ನಡೆಯುತ್ತಿದೆ, ಹೆಸರು ಹಾಕದೆ ಬರೆಯಿರಿ ಅಂದರು. ಬಹಳಷ್ಟು ಚೀಟಿ ಖಾಲಿ ಬಂದವು. ಕೆಲವರು ಹಾಡು, ಆಟ ಅಂತ ಬರೆದಿದ್ದರು. ಒಬ್ಬರು ಮಾತ್ರ ಉದ್ದಕ್ಕೆ ಬರೆದಿದ್ದರು: “ನನ್ನ 5ನೇ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಬರುವುದಿಲ್ಲ. ಮೂರು ತರಬೇತಿಗೆ ಹೋಗಿದ್ದೇನೆ. ಇದರ ಬಗ್ಗೆ ಯಾರೂ ಮಾತಾಡಲಿಲ್ಲ.” ಆ ಚೀಟಿಯನ್ನು ಮೇಡಂ ಡೈರಿಯಲ್ಲಿ ಇಟ್ಟುಕೊಂಡರು.

ಮೊದಲು ಮಾಡಿ ನೋಡಿದ್ದು

ಮೊದಲ ಪ್ರಯತ್ನ ಮಾದರಿ ಪಾಠ. ಚೆನ್ನಾಗಿ ಪಾಠ ಮಾಡುವವರೆಂದು ಹೆಸರಾದ ಒಬ್ಬ ಶಿಕ್ಷಕರನ್ನು ಬೇರೆ ಕ್ಲಸ್ಟರ್‌ನಿಂದ ಕರೆಸಿದರು. ಪಾಠ ನಿಜವಾಗಿಯೂ ಸೊಗಸಾಗಿತ್ತು. ಬಣ್ಣದ ಕಾರ್ಡು, ಹಾಡು, ಗುಂಪು ಕೆಲಸ, ಮಕ್ಕಳ ನಗು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಬೆಲ್ಲದ ಕಾಫಿ ಕುಡಿಯುವಾಗ ಬಂದ ಮಾತು ಬೇರೆ. “ಅವರ ಶಾಲೆಯಲ್ಲಿ ಐದು ಜನ ಶಿಕ್ಷಕರು, ನಮ್ಮಲ್ಲಿ ಇಬ್ಬರು.” “ಆ ಕಾರ್ಡು ಮಾಡೋಕೆ ಯಾರಿಗೆ ಪುರುಸೊತ್ತು?” ಒಳ್ಳೆಯ ಪಾಠ ನೋಡಿದವರಿಗೆ ತಮ್ಮ ಪಾಠದ ಬಗ್ಗೆ ಯೋಚನೆ ಬರಲಿಲ್ಲ, ತಮ್ಮ ಕಷ್ಟದ ಬಗ್ಗೆ ಬಂತು. ಅದು ಸಹಜ ಅಂತಲೇ ನನಗೆ ಅನ್ನಿಸಿತು.

ಎರಡನೆಯದು ವಾಟ್ಸಾಪ್ ಗುಂಪು. ಬೋಧನೆಯ ಪ್ರಶ್ನೆಗಳಿಗಾಗಿಯೇ ಬೇರೆ ಗುಂಪು ಮಾಡಿದ್ದರು. ಶುರುವಿನಲ್ಲಿ ಒಂದೆರಡು ಒಳ್ಳೆಯ ಪ್ರಶ್ನೆಗಳು ಬಂದವು. ಆಮೇಲೆ ಶುಭೋದಯ, ಹುಟ್ಟುಹಬ್ಬ, ಸುತ್ತೋಲೆಗಳ ಪಿ.ಡಿ.ಎಫ್. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ತಿರುವು

ಆ ಚೀಟಿ ಬರೆದವರು ಯಾರೆಂದು ಮೇಡಂಗೆ ಅಂದಾಜಿತ್ತು. ಕೇಳಲಿಲ್ಲ. ಮುಂದಿನ ಸಭೆಗೆ ಬರುವಾಗ ಎಲ್ಲರೂ 4 ಅಥವಾ 5ನೇ ತರಗತಿಯ ಐದಾರು ಮಕ್ಕಳ ಲೆಕ್ಕದ ಪುಸ್ತಕ ತನ್ನಿ ಅಂದರು. ಚೆನ್ನಾಗಿ ಬರೆಯುವ ಮಕ್ಕಳದ್ದು ಬೇಡ, ಕೈಗೆ ಸಿಕ್ಕಿದ್ದು ತನ್ನಿ. ಹಿಂದಿನ ದಿನ ಎಲ್ಲ ಶಾಲೆಯಲ್ಲೂ ಒಂದೇ ಲೆಕ್ಕ ಕೊಟ್ಟಿರಬೇಕು: 503ರಲ್ಲಿ 267 ಕಳೆಯಿರಿ. ಶಿಕ್ಷಕರು ಅದನ್ನು ತಿದ್ದಬಾರದು, ಕೆಂಪು ಪೆನ್ನು ಮುಟ್ಟಿಸಬಾರದು.

ಆ ದಿನ ಸುತ್ತೋಲೆಗಳನ್ನು ಓದಲಿಲ್ಲ. ಮುದ್ರಿಸಿ ಬಾಗಿಲ ಹತ್ತಿರ ಇಟ್ಟಿದ್ದರು, ಬೇಕಾದವರು ತೆಗೆದುಕೊಂಡು ಹೋಗಲಿ ಅಂತ. ಚಿಕ್ಕ ಬದಲಾವಣೆ ಅನ್ನಿಸಬಹುದು. ಬೆಳಗಿನ ಹೊತ್ತು ಪೂರ್ತಿ ಉಳಿದದ್ದು ಅದರಿಂದಲೇ.

ಪುಸ್ತಕಗಳನ್ನೆಲ್ಲ ನೆಲದ ಮೇಲೆ ಜಮಖಾನೆ ಹಾಸಿ ಹರಡಿದರು. ಸರಿ ಉತ್ತರ 236. ಅದು ಕೆಲವು ಪುಸ್ತಕಗಳಲ್ಲಿ ಮಾತ್ರ ಇತ್ತು. ಉಳಿದವುಗಳನ್ನು ನೋಡುತ್ತಾ ಒಬ್ಬರು “ಅಜಾಗರೂಕತೆ” ಅಂದರು. ಇನ್ನೊಬ್ಬರು “ಮನೆಯಲ್ಲಿ ಅಭ್ಯಾಸ ಮಾಡಿಸುವವರಿಲ್ಲ” ಅಂದರು. ಮೇಡಂ ಅದಕ್ಕೆ ಏನೂ ಅನ್ನದೆ, ತಪ್ಪು ಉತ್ತರ ಒಂದೇ ಆಗಿರುವ ಪುಸ್ತಕಗಳನ್ನು ಒಂದು ಕಡೆ ಮಾಡಿ ಅಂದರು.

ಎರಡು ದೊಡ್ಡ ರಾಶಿಗಳಾದವು. ಒಂದರಲ್ಲಿ ಉತ್ತರ 364. ಇನ್ನೊಂದರಲ್ಲಿ 336. ಬೇರೆ ಬೇರೆ ಶಾಲೆಗಳ, ಒಬ್ಬರನ್ನೊಬ್ಬರು ನೋಡಿಯೇ ಇರದ ಮಕ್ಕಳು ಒಂದೇ ತಪ್ಪು ಉತ್ತರ ಬರೆದಿದ್ದರು. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಜಾಗರೂಕತೆ ಆಗಿದ್ದರೆ ಒಬ್ಬೊಬ್ಬರದ್ದು ಒಂದೊಂದು ಥರ ಇರಬೇಕಿತ್ತು, ಅಲ್ವಾ?

364 ಹೇಗೆ ಬಂತು ಅಂತ ಮೊದಲು ಹಿಡಿದವರು ಅತಿಥಿ ಶಿಕ್ಷಕಿ. ಅವರನ್ನು ಸಭೆಗೆ ಕರೆದದ್ದೂ ಅದೇ ಮೊದಲು. ಬಿಡಿ ಸ್ಥಾನದಲ್ಲಿ ಮೇಲೆ 3, ಕೆಳಗೆ 7. ಮಗು 7ರಲ್ಲಿ 3 ಕಳೆದು 4 ಬರೆದಿದೆ. ಹತ್ತರ ಸ್ಥಾನದಲ್ಲಿ 6ರಲ್ಲಿ ಸೊನ್ನೆ ಕಳೆದು 6. ನೂರರಲ್ಲಿ 5ರಿಂದ 2 ಹೋಗಿ 3. ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದೆ. ಎಲ್ಲೂ ತಡವರಿಸಿಲ್ಲ.

ಅಷ್ಟರಲ್ಲಿ ಬೆಳಗಾವಿ ಕಡೆಯ ಯುವ ಶಿಕ್ಷಕರು ತಲೆ ಕೆರೆದುಕೊಂಡು ಹೇಳಿದರು: “ಮೇಡಂ, ದೊಡ್ಡದರಾಗ ಸಣ್ಣದು ಕಳೀಬೇಕು ಅಂತ ನಾವ ಹೇಳಿಕೊಟ್ಟೀವ್ರಿ. ಎರಡನೇ ತರಗತ್ಯಾಗ ದಿನಾ ಹೇಳ್ತೀವಿ.”

ಅದೇ ಸರಿ. 8ರಲ್ಲಿ 5 ಕಳೆಯುವಾಗ ಆ ಮಾತು ಕೆಲಸ ಮಾಡುತ್ತದೆ. ಮೂರಂಕಿಯ ಲೆಕ್ಕಕ್ಕೆ ಬಂದಾಗ ಆ ಮಾತನ್ನು ಯಾರೂ ವಾಪಸ್ ತೆಗೆದುಕೊಂಡಿಲ್ಲ. ಮಗು ಟೀಚರ್ ಹೇಳಿದ್ದನ್ನೇ ನಿಷ್ಠೆಯಿಂದ ಪಾಲಿಸಿದೆ.

336ರದ್ದು ಇನ್ನೊಂದು ಕಥೆ. ಈ ಮಕ್ಕಳಿಗೆ ದಶಕ ತೆಗೆದುಕೊಳ್ಳುವುದು ಗೊತ್ತು. ಬಿಡಿಯಲ್ಲಿ 13ರಿಂದ 7 ಹೋಗಿ 6, ಸರಿ. ಹತ್ತರ ಮನೆಯ ಸೊನ್ನೆಯನ್ನು 9 ಮಾಡಿದ್ದಾರೆ, ಅದೂ ಸರಿ. 9ರಲ್ಲಿ 6 ಹೋಗಿ 3. ಆದರೆ ಆ 9 ಬಂದದ್ದು ನೂರರ ಮನೆಯಿಂದ ಅನ್ನುವುದನ್ನು ಬಿಟ್ಟಿದ್ದಾರೆ. 5 ಹಾಗೇ 5 ಉಳಿದಿದೆ. “ಪಕ್ಕದ ಮನೆಯಿಂದ ಸಾಲ ತಗೋ” ಅಂತ ನಾವೆಲ್ಲ ಹೇಳಿಕೊಡುತ್ತೇವೆ. ಪಕ್ಕದ ಮನೆಯಲ್ಲೇ ಸೊನ್ನೆ ಇದ್ದರೆ ಏನು ಮಾಡಬೇಕು ಅನ್ನುವುದು ಆ ಮಾತಿನಲ್ಲಿ ಇಲ್ಲ.

ಇದು ಕೊಡಗಿನ ಮಕ್ಕಳ ವಿಶೇಷ ಅಲ್ಲ. ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಮಕ್ಕಳ ಕಳೆಯುವ ಲೆಕ್ಕಗಳನ್ನು ಹೀಗೆ ಬಿಡಿಸಿ ನೋಡಿದ್ದರು. ಮಕ್ಕಳ ತಪ್ಪುಗಳಲ್ಲಿ ಎಷ್ಟೋ ಒಂದು ನಿಯಮದ ಪ್ರಕಾರ ಆಗುತ್ತವೆ, ಮಗು ಬೇರೆ ನಿಯಮ ಹಿಡಿದಿರುತ್ತದೆ ಅಷ್ಟೇ ಅನ್ನುವುದು ಅವರು ಕಂಡುಕೊಂಡದ್ದು. ಇಲ್ಲಿ ಬಂದ ಎರಡು ತಪ್ಪುಗಳೂ ಅವರ ಪಟ್ಟಿಯಲ್ಲಿವೆ. ಸಭೆಯಲ್ಲಿ ನಾನು ಇದನ್ನು ಹೇಳಿದ್ದು ರಾಶಿಗಳಾದ ಮೇಲೆ. ಮೊದಲೇ ಹೇಳಿದ್ದರೆ ಅದೂ ಒಂದು ಸ್ಲೈಡ್ ಆಗುತ್ತಿತ್ತು.

ಮಧ್ಯಾಹ್ನ ಯಾರೂ ಬಸ್ಸಿನ ಹೊತ್ತು ಕೇಳಲಿಲ್ಲ. 364ರ ಮಕ್ಕಳಿಗೆ ಏನು ಮಾಡುವುದು, 336ರ ಮಕ್ಕಳಿಗೆ ಏನು ಮಾಡುವುದು ಅಂತ ಎರಡು ಗುಂಪಾಗಿ ಕೂತರು. ಆಟದ ನೋಟು ಇಟ್ಟು ಮಾಡಿಸೋಣ ಅನ್ನುವುದು ಒಪ್ಪಿಗೆಯಾಯಿತು. ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ, ಹತ್ತರ ನೋಟು ಒಂದೂ ಇಲ್ಲ. 267 ಕೊಡಬೇಕು. ನೂರರ ಒಂದು ನೋಟಿಗೆ ಚಿಲ್ಲರೆ ಮಾಡಿಸಲೇಬೇಕು. ಅಂಗಡಿಗೆ ಹೋಗಿ ಬರುವ ಮಕ್ಕಳಿಗೆ ಇದು ಗೊತ್ತಿರುವ ವ್ಯವಹಾರ. ಒಬ್ಬರು ಕಡ್ಡಿ ಕಟ್ಟು ಸಾಕು ಅಂದರು. 500 ಕಡ್ಡಿ ಎಣಿಸುವಷ್ಟರಲ್ಲಿ ಪರೀಕ್ಷೆ ಬರುತ್ತದೆ ಅಂತ ಇನ್ನೊಬ್ಬರು ನಗಾಡಿದರು.

ಪುಸ್ತಕ ತರಲು ಒಪ್ಪದವರು

ಎಲ್ಲರೂ ಪುಸ್ತಕ ತಂದಿರಲಿಲ್ಲ. ಕ್ಲಸ್ಟರ್‌ನಲ್ಲೇ ಹೆಚ್ಚು ವರ್ಷ ಸೇವೆ ಮಾಡಿದ ಟೀಚರ್ ಒಬ್ಬರು ಬರಿಗೈಯಲ್ಲಿ ಬಂದಿದ್ದರು. ಕಿರಿಯರೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ಮರೆತುಹೋಯಿತು ಅಂದರು. ಎರಡನೇ ಸಭೆಯಲ್ಲೂ ಮರೆತುಹೋಯಿತು.

ಮೇಡಂ ಸಭೆಯಲ್ಲಿ ಏನೂ ಕೇಳಲಿಲ್ಲ. ಒಂದು ದಿನ ಅವರ ಶಾಲೆಗೆ ಹೋಗಿ, ಮಕ್ಕಳು ಊಟಕ್ಕೆ ಕೂತಾಗ ಕೇಳಿದರು. ಅಕ್ಕ ನೇರವಾಗಿಯೇ ಹೇಳಿದರು: “ನೋಡಮ್ಮಾ, ಇವತ್ತು ನೀನು ಪುಸ್ತಕ ನೋಡ್ತೀಯಾ. ನಾಳೆ ಅದೇ ಭೇಟಿ ಪುಸ್ತಕದಲ್ಲಿ ಬರೀತೀಯಾ. ನಾಡಿದ್ದು ನೋಟಿಸ್ ಬರುತ್ತೆ. ನಾನು ಇದನ್ನೆಲ್ಲ ನೋಡಿದ್ದೀನಿ.”

ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು ಇದು. ಸಿ.ಆರ್.ಪಿ. ಶಾಲೆಗೆ ಬರುವುದು ಎರಡು ಕೆಲಸಕ್ಕೆ. ಸಹಾಯ ಮಾಡಬೇಕು, ವರದಿಯನ್ನೂ ಕೊಡಬೇಕು. ವರದಿ ಬರೆಯುವವರ ಎದುರು ನನಗೆ ಇದು ಬರುವುದಿಲ್ಲ ಅಂತ ಯಾರು ಹೇಳುತ್ತಾರೆ? ಹೊಸದಾಗಿ ಸೇರಿದವರು ಹೇಳಿಯಾರು. ಇಷ್ಟು ವರ್ಷ ಒಳ್ಳೆಯ ಹೆಸರು ಉಳಿಸಿಕೊಂಡವರು ಹೇಳುವುದಿಲ್ಲ.

ಮೇಡಂ ಮೇಲಧಿಕಾರಿಯ ಹತ್ತಿರ ಹೋಗಿ ಮಾತಾಡಿದರು. ತಿಂಗಳ ಸಭೆಯಲ್ಲಿ ನೋಡುವ ಪುಸ್ತಕಗಳ ವಿಷಯ ಯಾವ ವರದಿಗೂ ಹೋಗುವುದಿಲ್ಲ. ಸಭೆಯ ನಡಾವಳಿಯಲ್ಲಿ ಚರ್ಚಿಸಿದ ಲೆಕ್ಕ ಯಾವುದು, ಮಾಡಲು ಒಪ್ಪಿದ್ದು ಏನು ಅನ್ನುವುದಷ್ಟೇ ಇರುತ್ತದೆ, ಶಾಲೆಯ ಹೆಸರು ಇರುವುದಿಲ್ಲ. ಭೇಟಿ ಪುಸ್ತಕ ಬರೆಯುವ ದಿನ ಬೇರೆ, ಇದರ ದಿನ ಬೇರೆ. ಅಧಿಕಾರಿ ಬಾಯಿ ಮಾತಿನಲ್ಲಿ ಒಪ್ಪಿದರು. ಲಿಖಿತವಾಗಿ ಕೊಡಲಿಲ್ಲ. ಸಭೆಯಲ್ಲಿ ಮೇಡಂ ಇದನ್ನು ಹೇಳಿದ ಮೇಲೆ ಇನ್ನೊಂದು ಪದ್ಧತಿ ತಂದರು. ಪುಸ್ತಕದ ಹೊದಿಕೆಯ ಮೇಲೆ ಹಳೆಯ ದಿನಪತ್ರಿಕೆ ಸುತ್ತಿ ತರಬೇಕು. ಯಾರ ಮಗು, ಯಾವ ಶಾಲೆ ಗೊತ್ತಾಗಬಾರದು.

ಮುಂದಿನ ತಿಂಗಳು ಅಕ್ಕ ಪುಸ್ತಕ ತಂದರು. ಅವರ ಮಕ್ಕಳ ಪುಸ್ತಕಗಳಲ್ಲಿ 236 ಬಹಳ ಇತ್ತು. ಹೇಗೆ ಅಂತ ಕೇಳಿದ್ದಕ್ಕೆ, ಕಳೆದ ಮೇಲೆ ಉತ್ತರವನ್ನೂ ಕೆಳಗಿನ ಸಂಖ್ಯೆಯನ್ನೂ ಕೂಡಿಸಿ ನೋಡದೆ ಪುಸ್ತಕ ನನ್ನ ಹತ್ತಿರ ತರಬಾರದು ಅಂತ ಹೇಳಿದ್ದೇನೆ ಅಂದರು. 267ಕ್ಕೆ 364 ಕೂಡಿಸಿದರೆ 631 ಬರುತ್ತದೆ, ಮಗುವೇ ಹಿಂದೆ ಹೋಗುತ್ತದೆ. ಇಷ್ಟು ಸರಳ. ಇದು ಅಷ್ಟು ವರ್ಷ ಒಂದೇ ಶಾಲೆಯ ಗೋಡೆಯೊಳಗೆ ಇತ್ತು.

ಮಳೆ, ಆನೆ, ಕಾಫಿ

ಕೊಡಗಿನಲ್ಲಿ ಏನೇ ಯೋಜನೆ ಮಾಡಿದರೂ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯನ್ನು ಕೇಳಿಯೇ ಮಾಡಬೇಕು. ಮಳೆ ರಜೆಗಳು ಬರುತ್ತವೆ, ಆಮೇಲೆ ಶನಿವಾರ ಪೂರ್ತಿ ಶಾಲೆ ನಡೆಸಿ ಅದನ್ನು ತುಂಬಬೇಕು. ಸಭೆ ಇಡುವುದು ಎಲ್ಲಿ? ಕ್ಲಸ್ಟರ್ ಒಟ್ಟಾಗಿ ಸೇರುವುದನ್ನು ಮಳೆಗಾಲದಲ್ಲಿ ಬಿಟ್ಟರು. ಹತ್ತಿರದ ಎರಡು ಮೂರು ಶಾಲೆಯವರು ಮಾತ್ರ ಸೇರುವುದು ಅಂತ ಮಾಡಿಕೊಂಡರು. ಇದು ಅನಿವಾರ್ಯಕ್ಕೆ ಮಾಡಿದ್ದು. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಸಭೆಗಿಂತ ಈ ಚಿಕ್ಕ ಗುಂಪುಗಳಲ್ಲೇ ಮಾತು ಜಾಸ್ತಿ ಬಿಚ್ಚಿಕೊಂಡಿತು.

ಸಂಜೆಯ ಹೊತ್ತಿನ ಸಭೆ ಅಂತೂ ಸಾಧ್ಯವೇ ಇರಲಿಲ್ಲ. ಕಾಡಂಚಿನ ರಸ್ತೆಗಳಲ್ಲಿ ಸಂಜೆಯಾದರೆ ಆನೆ ಭಯ. ಸ್ಕೂಟರಿನಲ್ಲಿ ಓಡಾಡುವ ಟೀಚರ್‌ಗಳು ಬೆಳಕಿರುವಾಗಲೇ ಮನೆ ಸೇರಬೇಕು. ಹಾಗಾಗಿ ಪುಸ್ತಕ ನೋಡುವುದು ಬೆಳಿಗ್ಗೆ, ಆಡಳಿತದ ವಿಷಯ ಊಟದ ನಂತರ ಅಂತ ಕ್ರಮವೇ ತಿರುಗಿತು. ಇಷ್ಟು ವರ್ಷ ಇದು ಉಲ್ಟಾ ಇತ್ತು. ತಡವಾದರೆ ಈಗ ಕತ್ತರಿ ಬೀಳುವುದು ಸುತ್ತೋಲೆಗೆ.

ಡಿಸೆಂಬರ್‌ನಿಂದ ಕುಯ್ಲಿನ ಗಡಿಬಿಡಿ. ದೊಡ್ಡ ಮಕ್ಕಳು ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿಯುತ್ತಾರೆ. ಆ ತಿಂಗಳುಗಳಲ್ಲಿ ಹೊಸ ವಿಷಯ ಬೇಡ, ಹಿಂದೆ ಒಪ್ಪಿದ್ದನ್ನೇ ಮುಂದುವರಿಸೋಣ ಅಂತ ತೀರ್ಮಾನವಾಯಿತು.

ಕೆಟ್ಟದ್ದು ಹೇಗೆ, ಸರಿಯಾದದ್ದು ಹೇಗೆ

ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಒಂದು ಫೋಟೋ ಎಲ್ಲವನ್ನೂ ಹಾಳು ಮಾಡಿತು. ಸಭೆಯಲ್ಲಿ ಯಾರೋ ಜಮಖಾನೆಯ ಮೇಲಿನ ಪುಸ್ತಕಗಳ ಫೋಟೋ ತೆಗೆದು ತಾಲ್ಲೂಕಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ನಮ್ಮ ಕ್ಲಸ್ಟರ್‌ನ ವಿನೂತನ ಪ್ರಯತ್ನ ಅಂತ ಹೆಮ್ಮೆಯಿಂದಲೇ ಬರೆದಿದ್ದರು. ಒಂದು ಪುಸ್ತಕದ ದಿನಪತ್ರಿಕೆ ಸರಿದಿತ್ತು. ಮಗುವಿನ ಹೆಸರು, ಶಾಲೆಯ ಹೆಸರು, ತಪ್ಪು ಲೆಕ್ಕ ಮೂರೂ ಕಾಣುತ್ತಿದ್ದವು. ಕೆಳಗೆ ಯಾರೋ ನಗುವ ಗುರುತು ಹಾಕಿದರು. ಇನ್ನೊಬ್ಬರು “5ನೇ ತರಗತಿಯಾ ಇದು?” ಅಂತ ಕೇಳಿದರು.

ಮುಂದಿನ ಸಭೆಗೆ ಬಂದವರು ಅರ್ಧ. ಬಂದವರಲ್ಲೂ ಕೆಲವರು ನೀಟಾದ ಪುಸ್ತಕ ತಂದಿದ್ದರು, ಎಲ್ಲ ಸರಿ ಇರುವಂಥದ್ದು.

ಮೇಡಂ ಆ ದಿನ ಪುಸ್ತಕಗಳನ್ನು ತೆರೆಯಲೇ ಇಲ್ಲ. ಆದದ್ದನ್ನು ಮುಚ್ಚಿಡದೆ ಹೇಳಿ ಕ್ಷಮೆ ಕೇಳಿದರು. ಹಾಕಿದವರು ಫೋಟೋ ಅಳಿಸಿದ್ದರು. ಆ ಶಾಲೆಯ ಶಿಕ್ಷಕರ ಮನೆಗೆ ಮೇಡಂ ಮೊದಲೇ ಹೋಗಿ ಮಾತಾಡಿ ಬಂದಿದ್ದರು. ಆಮೇಲೆ ಮುಂದೇನು ಮಾಡೋಣ ಅಂತ ಸಭೆಯನ್ನೇ ಕೇಳಿದರು. ಚರ್ಚೆ ಬಿಸಿಯಾಯಿತು. ಇದನ್ನೆಲ್ಲ ನಿಲ್ಲಿಸಿಬಿಡೋಣ ಅಂದವರೂ ಇದ್ದರು. ನಿಲ್ಲಿಸುವುದು ಬೇಡ ಅಂದವರು ಅದೇ ಹಿರಿಯ ಅಕ್ಕ. ಪುಸ್ತಕ ನೋಡುವ ಹೊತ್ತಿನಲ್ಲಿ ಎಲ್ಲರ ಮೊಬೈಲೂ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇರಲಿ, ಸಿ.ಆರ್.ಪಿ.ಯದ್ದೂ ಸೇರಿ, ಅಂದರು ಅವರು. ಅದು ನಿಯಮವಾಯಿತು. ಸಭೆಯ ಫೋಟೋ ಬೇಕೇ ಬೇಕು ಅಂತ ಮೇಲಿನಿಂದ ಕೇಳಿದರೆ ಊಟದ ನಂತರ ಎಲ್ಲರೂ ಹೊರಗೆ ನಿಂತು ಒಂದು ತೆಗೆಸಿಕೊಳ್ಳುವುದು.

ಪುಸ್ತಕಗಳ ಬದಲು ಇನ್ನೊಂದು ವ್ಯವಸ್ಥೆಯೂ ಆಯಿತು. ಮಗುವಿನ ಉತ್ತರವನ್ನು ಶಿಕ್ಷಕರೇ ಬೇರೆ ಹಾಳೆಯಲ್ಲಿ ಇದ್ದ ಹಾಗೆ ನಕಲು ಮಾಡಿ ತರಬಹುದು. ಇದರಲ್ಲಿ ಒಂದು ಅನುಕೂಲ ತಾನಾಗಿ ಬಂತು. ನಕಲು ಮಾಡುವಾಗಲೇ ಮಗು ಎಲ್ಲಿ ದಾರಿ ತಪ್ಪಿತು ಅಂತ ಎಷ್ಟೋ ಜನರಿಗೆ ಹೊಳೆಯುತ್ತಿತ್ತು. ಹಾಳೆ ತಂದವರು “ಇದು ನನಗೆ ಗೊತ್ತಾಯಿತು, ಬೇರೆ ನೋಡೋಣ” ಅನ್ನುವುದು ಮಾಮೂಲಾಯಿತು.

ಏನು ಬದಲಾಯಿತು, ಏನು ಆಗಲಿಲ್ಲ

ವರ್ಷದ ಕೊನೆಗೆ ಇದೇ ಥರದ ಲೆಕ್ಕವನ್ನು ಮತ್ತೆ ಕೊಟ್ಟು ನೋಡಿದರು. ಈ ಸಲ 402ರಲ್ಲಿ 158. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದರೆ 356 ಬರುತ್ತದೆ. ಆ ಉತ್ತರದ ರಾಶಿ ಕಣ್ಣಿಗೆ ಕಾಣುವಷ್ಟು ಚಿಕ್ಕದಾಗಿತ್ತು. ಸೊನ್ನೆಯ ಹತ್ತಿರ ಎಡವುವವರು ಮಾತ್ರ ಇನ್ನೂ ಇದ್ದರು. ಇದನ್ನು ಸಂಶೋಧನೆಯ ಫಲಿತಾಂಶ ಅಂತ ಹೇಳುತ್ತಿಲ್ಲ. ಹೋಲಿಸಿ ನೋಡಲು ಬೇರೆ ಕ್ಲಸ್ಟರ್ ಇರಲಿಲ್ಲ, ಮಕ್ಕಳಲ್ಲಿ ಕೆಲವರು ಊರು ಬಿಟ್ಟು ಹೋಗಿದ್ದರು.

ನನಗೆ ಹೆಚ್ಚು ಕುತೂಹಲ ತಂದದ್ದು ಶಿಕ್ಷಕರ ಮಾತು ಬದಲಾದ ರೀತಿ. ಮಗುವಿಗೆ ಬರುವುದಿಲ್ಲ ಅನ್ನುವಲ್ಲಿ ಮಗು ಹೀಗೆ ಮಾಡುತ್ತದೆ ಅನ್ನತೊಡಗಿದರು. ಎರಡನೇ ತರಗತಿಯಲ್ಲಿ “ದೊಡ್ಡದರಲ್ಲಿ ಚಿಕ್ಕದು” ಅನ್ನುವುದನ್ನು ಬಿಟ್ಟು, “ಇರುವುದರಲ್ಲಿ ಕೊಡುವುದು” ಅಂತ ಹೇಳೋಣ ಅಂತ ತಾವೇ ಒಪ್ಪಂದಕ್ಕೆ ಬಂದರು. ಅತಿಥಿ ಶಿಕ್ಷಕರು ಪ್ರತಿ ಸಭೆಗೂ ಬಂದರು. ಅವರಿಗೆ ಪ್ರಯಾಣ ಭತ್ಯೆ ಕೊಡುವ ದಾರಿ ಇರಲಿಲ್ಲ. ಜೊತೆಯ ಶಿಕ್ಷಕರು ತಮ್ಮ ಸ್ಕೂಟರಿನಲ್ಲಿ ಕರೆತಂದರು. ಇದು ನೋಡಲು ಚೆಂದ, ಆದರೆ ವ್ಯವಸ್ಥೆ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಭಾಷೆಯ ವಿಷಯದಲ್ಲಿ ಇಷ್ಟು ದೂರ ಹೋಗಲಾಗಲಿಲ್ಲ. ಮಕ್ಕಳು ಬರೆದ ನಾಲ್ಕು ಸಾಲು ತಂದು ನೋಡಿದರು. ಒತ್ತಕ್ಷರ, ದೀರ್ಘ ಎಲ್ಲಿ ತಪ್ಪಿದೆ ಅಂತ ಪಟ್ಟಿ ಮಾಡಿದರು. ಆದರೆ ಯರವ ಮನೆಯ ಮಗು ಎರಡನೇ ತರಗತಿಯವರೆಗೂ ಬಾಯಿ ಬಿಡದೆ ಕೂರುವುದು, ಅಸ್ಸಾಮಿನ ಮಗುವಿಗೆ ಟೀಚರ್ ಹೇಳಿದ್ದೇ ಅರ್ಥವಾಗದಿರುವುದು, ಇವು ಹಾಳೆಯ ಮೇಲೆ ಕಾಣುವುದಿಲ್ಲ. ಬರೆಯದ ಮಗುವಿನ ಪುಸ್ತಕದಲ್ಲಿ ನೋಡಲು ಏನಿರುತ್ತದೆ? ಇದಕ್ಕೆ ಒಬ್ಬರ ತರಗತಿಗೆ ಇನ್ನೊಬ್ಬರು ಹೋಗಿ ಕೂರಬೇಕು. ಇಬ್ಬರು ಶಿಕ್ಷಕರ ಶಾಲೆಯಿಂದ ಒಬ್ಬರು ಹೊರಡುವುದು ಹೇಗೆ? ಒಂದೆರಡು ಸಲ ಸಿ.ಆರ್.ಪಿ. ಮೇಡಂ ತಾವೇ ನಲಿ-ಕಲಿ ಕೋಣೆ ನೋಡಿಕೊಂಡು ಅಲ್ಲಿನ ಶಿಕ್ಷಕರನ್ನು ಪಕ್ಕದ ಶಾಲೆಗೆ ಕಳಿಸಿದರು. ಮುಂದುವರಿಸಲು ಅವರಿಗೆ ಹೊತ್ತು ಸಿಗಲಿಲ್ಲ.

ಬೇರೆಯವರು ಇದನ್ನು ಮಾಡುವುದಾದರೆ

ಬೇರೆ ಕ್ಲಸ್ಟರ್‌ಗಳಿಂದ ಕೇಳಿದವರೆಲ್ಲ ಮೊದಲು ಕೇಳಿದ್ದು ನಮೂನೆ ಇದೆಯಾ ಅಂತ. ನಮೂನೆ ಏನೂ ಇಲ್ಲ. ಒಂದೇ ಲೆಕ್ಕ, ತಿದ್ದದ ಪುಸ್ತಕ, ಒಂದು ಜಮಖಾನೆ. ಲೆಕ್ಕ ಆರಿಸುವುದರಲ್ಲಿ ಮಾತ್ರ ಜಾಣತನ ಬೇಕು. 503ರ ಬದಲು 583 ಕೊಟ್ಟಿದ್ದರೆ ಸೊನ್ನೆಯ ತೊಡಕು ಕಾಣುತ್ತಲೇ ಇರಲಿಲ್ಲ. ಮೇಡಂ ಆ ಅಂಕಿಗಳನ್ನು ಬೇಕೆಂದೇ ಇಟ್ಟಿದ್ದರು.

ವರದಿಯಿಂದ ಕಲಿಕೆಯನ್ನು ಬೇರೆ ಮಾಡದೆ ಇದನ್ನು ಶುರು ಮಾಡುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಾಯಿ ಮಾತಿನ ಒಪ್ಪಿಗೆ ಒಂದು ಫೋಟೋಗೆ ತಡೆಯಲಿಲ್ಲ, ನೋಡಿದಿರಲ್ಲ. ಲಿಖಿತವಾಗಿ ಇದ್ದಿದ್ದರೆ ಫೋಟೋ ಹಾಕಿದವರೂ ಒಂದು ಕ್ಷಣ ಯೋಚಿಸುತ್ತಿದ್ದರೇನೋ.

ಶಿಕ್ಷಕರೇ ಕೂತು ತಮ್ಮ ತರಗತಿಗೆ ದಾರಿ ಹುಡುಕುವುದು ನಮಗೆ ಹೊಸದಲ್ಲ. ನಾಗರಹೊಳೆ ಕಾಡಿನ ಆ ಬದಿಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಹುಟ್ಟಿದ್ದು ಹಾಗೆಯೇ. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಕೆಲಸ ನೋಡಿ ಬಂದು ಕಾರ್ಡುಗಳನ್ನು ತಾವೇ ಮಾಡಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹೋಯಿತು, ಕಾರ್ಡು ಅಚ್ಚಾಗಿ ಬಂತು. ಈಗ ಅದನ್ನು ಬಳಸುವ ಎಷ್ಟೋ ಯುವ ಶಿಕ್ಷಕರಿಗೆ ಅದು ಮೇಲಿನಿಂದ ಬಂದದ್ದು ಅಂತಲೇ ಗೊತ್ತು. ಈ ಕ್ಲಸ್ಟರ್‌ನ ಕೆಲಸವನ್ನೂ ಯಾರಾದರೂ ಕೈಪಿಡಿ ಮಾಡಿ ಜಿಲ್ಲೆಗೆಲ್ಲ ಹಂಚಿದರೆ ಅದಕ್ಕೂ ಅದೇ ಗತಿ ಬರಬಹುದು ಅನ್ನುವ ಅಳುಕು ನನಗಿದೆ. ಹಂಚದೇ ಇದ್ದರೆ ಇಲ್ಲೇ ಉಳಿಯುತ್ತದೆ. ಇದಕ್ಕೆ ಸುಲಭದ ಉತ್ತರ ನನಗೆ ಕಂಡಿಲ್ಲ.

ಈಗಿನ ಸ್ಥಿತಿ

ಆ ಸಿ.ಆರ್.ಪಿ. ಮೇಡಂ ಅವಧಿ ಮುಗಿಸಿ ಶಾಲೆಗೆ ಮರಳಿದ್ದಾರೆ. ಹೊಸದಾಗಿ ಬಂದವರಿಗೆ ಮೊದಲ ಕೆಲವು ತಿಂಗಳು ಸುತ್ತೋಲೆಗಳೇ ಸಾಕುಬೇಕಾದವು. ಪೂರ್ತಿ ಕ್ಲಸ್ಟರ್ ಸಭೆಯಲ್ಲಿ ಪುಸ್ತಕ ನೋಡುವುದು ನಿಂತಿತ್ತು. ಮಳೆಗಾಲಕ್ಕೆ ಅಂತ ಮಾಡಿಕೊಂಡ ಚಿಕ್ಕ ಗುಂಪುಗಳಲ್ಲಿ ಎರಡು ಮಾತ್ರ ಯಾರೂ ಹೇಳದೆಯೇ ನಡೆಯುತ್ತಿವೆ. ಒಂದನ್ನು ಹಿರಿಯ ಅಕ್ಕ ನಡೆಸುತ್ತಿದ್ದಾರೆ. ಬೆಳಗಾವಿಯ ಶಿಕ್ಷಕರಿಗೆ ವರ್ಗಾವಣೆ ಸಿಕ್ಕಿತು.

ಗುಂಪಿನವರು ಈಗ ಒಂದು ಮನವಿ ಕೊಟ್ಟಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಕಲಿಕೆಗೆ ಕೊಡಬೇಕು. ಅದು ತಮ್ಮ ಸ್ವಂತ ಆಸಕ್ತಿಯಿಂದ ಆಗಬೇಕು ಅಂತಲೂ ಅದೇ ಸಾಲಿನಲ್ಲಿದೆ. ಹಾಗಿದ್ದರೆ ನಾವು ಕೂತು ಮಕ್ಕಳ ಲೆಕ್ಕ ನೋಡುವ ಗಂಟೆಗಳನ್ನೂ ಅದರಲ್ಲಿ ಸೇರಿಸಿ, ಅತಿಥಿ ಶಿಕ್ಷಕರದ್ದನ್ನೂ ಸೇರಿಸಿ ಅನ್ನುವುದು ಅವರ ಕೋರಿಕೆ. ಕಚೇರಿಯಿಂದ ಬಂದ ಮೊದಲ ಉತ್ತರ ಒಂದು ಪ್ರಶ್ನೆ: ಹಾಜರಾತಿಗೆ ಫೋಟೋ ಇದೆಯೇ? ಸಹಿ ಮಾಡಿದ ಹಾಳೆ ಕೊಡುತ್ತೇವೆ, ಫೋಟೋ ಕೊಡುವುದಿಲ್ಲ ಅಂತ ಅಕ್ಕ ಬರೆದು ಕಳಿಸಿದ್ದಾರೆ. ಕಡತ ಇನ್ನೂ ಅಲ್ಲೇ ಇದೆ.